ಸತ್ತ ನಾಯಕನಿಗೆ ಒಂದು ಸೆರಗು

ರವಿವಾರ, ಗಜೇಂದ್ರಗಡ. ಗೆಳೆಯ ರಫೀಕನ ಸೀರೆ ಅಂಗಡಿಯ ಹಿಂದಿನ ಕೋಣೆ. ಮೂವರಿಗೆ ಒಂದೇ ಕಂಪ್ಯೂಟರ್.

ನಾವು ಅದರಲ್ಲಿ ಆಡುವ, ಅಣುಯುದ್ಧದಲ್ಲಿ ಹಾಳಾದ ಜಗತ್ತಿನ ಆಟದ ಕೊನೆಗೆ ನಮ್ಮ ನಾಯಕ ಜನರನ್ನು ಉಳಿಸಲು ಸಾಯುತ್ತಾನೆ. ನೇಕಾರ ಈರಣ್ಣ ಇಂದು ಡೌನ್‌ಲೋಡ್ ಮಾಡಿ ತಂದ ಆಟದ ಹೊಸ ಭಾಗ ಹಾಕಿದರೆ ಆ ನಾಯಕ ಮತ್ತೆ ಬದುಕುತ್ತಾನಂತೆ.

“ಬ್ಯಾಡಲೇ ಈರಣ್ಣ! ಅಂವ ಸತ್ತಾಗ ಖರೇನ ಅತ್ತೇನಿ. ಈಗ ಎದ್ದು ಕುಂತ್ರ ನನ್ನ ಅಳು ಏನಾಗ್ಬೇಕು?” ಎಂದ ರಫೀಕ.

“ಸೀರಿಗೆ ಸೆರಗು ಬ್ಯಾರೆ ಜೋಡಸ್ತೀವಲ್ಲಪಾ, ಹಂಗ ಇದು,” ಎಂದ ಈರಣ್ಣ.

“ಮಗ್ಗದ ಮ್ಯಾಲ ಜೋಡಸ್ತೀರಿ. ಉಟ್ಕೊಂಡು ಹೋದಾಕಿನ್ನ ಕರದು ಜೋಡಸ್ತೀರೇನು?”

ಇಬ್ಬರೂ ಕನ್ನಡ ಮೇಷ್ಟ್ರಾದ ನನ್ನತ್ತ ತಿರುಗಿದರು. “ಸರ, ನೀವ ಹೇಳ್ರಿ.”

ಓದುಗ ಗೆಳೆಯರೇ, ಮುಗಿದ ಕಾದಂಬರಿಗೆ ಆಮೇಲೆ ಯಾರಾದರೂ ಅಧ್ಯಾಯ ಸೇರಿಸಿದರೆ ನಾನು ಕ್ಷಮಿಸುವವನಲ್ಲ. ಆದರೆ ಮುಂದೇನಾಯಿತೆಂದು ನನಗೂ ತಿಳಿಯಬೇಕು. ಹೊಸ ಭಾಗ ನಾಳೆ ಹಾಕೋಣ ಎಂದೆ. ಇಂದು ಸಂಜೆ ಹಳೆಯ ಕೊನೆಯನ್ನೇ ಆಡಿ ನಾಯಕನನ್ನು ಕೊನೆಯ ಸಲ ಗೌರವದಿಂದ ಸಾಯಿಸುವುದೆಂದು ಮೂವರೂ ತೀರ್ಮಾನಿಸಿದ್ದೇವೆ.