ಹಂಪಿಗೆ ಹೋಗಿ ಮಲಗಿದ್ದು

ಮದುವೆಯಾದ ವರ್ಷವೇ ನನ್ನ ಗಂಡನ ಕೆಲಸ ಹೋಯಿತು. ವಡ್ಡು ಊರಿನ ಕಡೆಯ ಕಾರ್ಖಾನೆಯೊಂದರಲ್ಲಿ ಗುತ್ತಿಗೆಯ ಮೇಲೆ ವೆಲ್ಡರ್ ಆಗಿದ್ದ. ಗುತ್ತಿಗೆದಾರ ಬದಲಾದ, ಹೊಸಬ ತನ್ನ ಹುಡುಗರನ್ನು ಕರೆತಂದ, ಅಷ್ಟೇ. ಬಾಡಿಗೆ ಮನೆ ಬಿಟ್ಟು ಪಾಪಿನಾಯಕನಹಳ್ಳಿಯಲ್ಲಿದ್ದ ಅವನ ಅಕ್ಕನ ಮನೆ ಸೇರಿದೆವು. ಒಂದು ಕೋಣೆ, ಒಂದು ಪಡಸಾಲೆ. ಗೋಡೆಯ ಮೇಲೆ ಬುದ್ಧನ ಫೋಟೊ, ಅದರ ಕೆಳಗೆ ನಮ್ಮ ಟ್ರಂಕು. ರಾತ್ರಿ ನಾನು ಅಕ್ಕ ಮತ್ತು ಅವಳ ಹೆಣ್ಣುಮಕ್ಕಳ ಜೊತೆ ಒಳಗೆ, ಅವನು ಭಾವನ ಜೊತೆ ಪಡಸಾಲೆಯಲ್ಲಿ. ಅಕ್ಕ ಒಂದು ದಿನವೂ ಮುಖ ಗಂಟಿಕ್ಕಲಿಲ್ಲ. ಗಂಟಿಕ್ಕಿದ್ದರೆ ಜಗಳವಾಡಿಯಾದರೂ ಹಗುರಾಗಬಹುದಿತ್ತು ಅನಿಸುವಷ್ಟು ದಣಿದಿದ್ದೆ ನಾನು.

ಅವನಿಗೆ ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವ ಕೆಲಸ ಸಿಕ್ಕಿತು. ಡಿಗ್ರಿ ಮುಗಿಸಿದ್ದ ನಾನು ಹೊಸಪೇಟೆಯ ಲಾಡ್ಜಿನಲ್ಲಿ ಬೆಡ್‌ಶೀಟು ಒಗೆಯುತ್ತಿದ್ದೆ. ಬೆಳಕಾಗುವ ಮೊದಲೇ ಅವನು ಬಸ್ಸು ಹಿಡಿಯುತ್ತಿದ್ದ. ಮರಳಿ ಬಂದಾಗ ನಾನು ರೊಟ್ಟಿ ಬಡಿಯುತ್ತಿರುತ್ತಿದ್ದೆ. ನೀರು ಕಾದಿದೆ, ಊಟಕ್ಕೆ ಬಾ, ಎಲ್ಲರ ಮುಂದೆ ಇಷ್ಟೇ ಮಾತು.

ಗಿರಣಿಗೆ ರಜೆಯಿದ್ದ ಒಂದು ಭಾನುವಾರ, ಹಂಪಿಗಾದರೂ ಹೋಗಿ ಕೂತು ಬರೋಣ ಎಂದೆ. ಪ್ರವಾಸಿಗರ ಗದ್ದಲ ದಾಟಿ, ಯಾರೂ ಬಾರದ ಒಂದು ಮಂಟಪ ಹುಡುಕಿದೆವು. ನಿನಗೊಂದು ಮಾತು ಹೇಳಬೇಕು ಎಂದ. ಏನು ಎನ್ನುವಷ್ಟರಲ್ಲಿ ನನ್ನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದ.

ಸಿಟ್ಟು ಬಂತು. ಎಬ್ಬಿಸಲು ಕೈ ಹಾಕಿದಾಗ ಅಂಗಿ ಸರಿದು ಭುಜ ಕಂಡಿತು. ಮೂಟೆ ಉಜ್ಜಿ ಚರ್ಮ ಸುಲಿದು, ಒಣಗಿ, ಮತ್ತೆ ಸುಲಿದಿತ್ತು. ಒಂದೇ ಸೂರಿನಡಿ ಇದ್ದೂ ನಾನದನ್ನು ನೋಡಿರಲಿಲ್ಲ. ಸುಮ್ಮನೆ ಕಂಬಕ್ಕೊರಗಿದೆ. ನನಗೂ ಯಾವಾಗಲೋ ಕಣ್ಣು ಮುಚ್ಚಿತು.

ಎಬ್ಬಿಸಿದ್ದು ಕಾವಲುಗಾರ. ಮನೆ ಬಿಟ್ಟು ಓಡಿಬಂದವರು ಅಂದುಕೊಂಡಿದ್ದ. ಯಾವ ಊರು, ಮನೆಯವರಿಗೆ ಗೊತ್ತಿದೆಯಾ ಎಂದೆಲ್ಲ ಕೇಳಿದ. ನಾವು ಗಂಡ ಹೆಂಡತಿ, ಮನೆಯಲ್ಲಿ ಜಾಗವಿಲ್ಲ ಎಂದೆ. ಬಿಸಿಲು ಇಳಿಯುವವರೆಗೆ ಇರಿ ಎಂದು ಹೋದ.

ಅಷ್ಟರಲ್ಲಿ ಎಚ್ಚೆತ್ತಿದ್ದ ನನ್ನ ಗಂಡ ಆ ಮಾತು ಹೇಳಿದ. "ಸ್ವಲ್ಪ ದಿನ ನಿನ್ನ ಸಂಡೂರಿಗೆ, ನಿಮ್ಮವ್ವನ ಕಡೆ ಬಿಟ್ಟು ಬರ್ಬೇಕಂತ ಮಾಡೀನಿ."

"ನಾ ಹೋದ್ರ ನಿನಗ ಹಗುರ ಆಗ್ತೈತೇನು?"

ಸರಿದಿದ್ದ ಅಂಗಿಯನ್ನು ಭುಜದ ಮೇಲೆ ಎಳೆದುಕೊಳ್ಳುತ್ತ, "ಇಲ್ಲ" ಎಂದ.

"ಹಂಗಾರ ಬ್ಯಾಡ. ಬಾಗ್ಲು ಹಾಕ್ಕೊಳ್ಳಾಕ ಬರೋ ಒಂದು ಖೋಲಿ ಹುಡುಕೂನು."

ಮರುದಿನವೇ ಲಾಡ್ಜಿನ ಮ್ಯಾನೇಜರನ್ನು ಕೇಳಿದೆ. ಲಾಡ್ಜಿನ ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಪಕ್ಕ, ಮುರಿದ ಮಂಚಗಳನ್ನು ತುಂಬಿದ್ದ ತಗಡಿನ ಕೋಣೆಯಿತ್ತು. ಬೆಳಗಿನ ಕಸ ಗುಡಿಸುವ ಕೆಲಸವನ್ನೂ ಮಾಡುವುದಾದರೆ ಇರಬಹುದು ಎಂದರು. ಒಪ್ಪಿಕೊಂಡೆ.

ಈಗಲೂ ಅಲ್ಲೇ ಇದ್ದೇವೆ. ಅವನು ಮೂಟೆ ಹೊರುವುದು ಬಿಟ್ಟು ಗಾದಿಗನೂರಿನ ಗ್ಯಾರೇಜಿನಲ್ಲಿ ಲಾರಿಗಳಿಗೆ ವೆಲ್ಡಿಂಗ್ ಮಾಡುತ್ತಾನೆ. ಅದೂ ಲಾರಿ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಬೇಸಿಗೆಯಲ್ಲಿ ತಗಡು ಕಾದು ಒಳಗಿರಲಾಗದು. ಆಗ ಹೊರಗೆ ತಾರಸಿಯಲ್ಲಿ, ಒಣಹಾಕಿದ ಒದ್ದೆ ಬೆಡ್‌ಶೀಟುಗಳ ನಡುವೆ ಚಾಪೆ ಹಾಸಿಕೊಂಡು ಉಣ್ಣುತ್ತೇವೆ.