ಅಮ್ಮನ ಸ್ಟೇಟಸ್ಸನ್ನು ಚಿಕ್ಕಮ್ಮ ನೋಡಿದಳೇ?

ನಾನು ಏನು ಓದುತ್ತಿದ್ದೇನೆ ಎಂಬುದನ್ನು ನಮ್ಮ ಮನೆಯಲ್ಲಿ ಇನ್ನೂ ಯಾರಿಗೂ ಸರಿಯಾಗಿ ವಿವರಿಸಲು ಆಗಿಲ್ಲ. ಎಂ.ಎ. ಎಂದರೆ ಅವರಿಗೆ ಗೊತ್ತಾಗುತ್ತದೆ. ಬಂಗಾರಪೇಟೆಯಲ್ಲಿ ಬೆಳಗಿನ ರೈಲು ಹಿಡಿದು ಬೆಂಗಳೂರಿನ ಕಾಲೇಜಿಗೆ ಹೋಗುತ್ತೇನೆ ಎಂಬುದೂ ಗೊತ್ತು. ಅದರಾಚೆಗೆ ಎಲ್ಲವೂ ಮಂಜು. ಒಂದು ದಿನ ಅಮ್ಮ ಹಸುವಿಗೆ ಬೂಸಾ ಕಲಸುತ್ತಾ ಕೇಳಿದಳು, "ಅದೇನೇ ಅದು, ಈ ಸಲದ ಪಾಠ?" ನಾನು ಗಂಭೀರವಾಗಿ, "ಡಿಜಿಟಲ್ ಸಂಸ್ಕೃತಿ. ಜನ ಫೋನಿನಲ್ಲಿ ತಮ್ಮನ್ನು ತಾವು ಹೇಗೆ ತೋರಿಸಿಕೊಳ್ಳುತ್ತಾರೆ ಅನ್ನೋದರ ಅಧ್ಯಯನ" ಎಂದೆ.

ಅಮ್ಮ ಕೈ ನಿಲ್ಲಿಸಿದಳು. "ಅಂದ್ರೆ, ಊರೋರೆಲ್ಲ ಫೋನ್ ನೋಡ್ಕಂಡು ಕೂತಿರ್ತಾರೆ, ನೀನು ಅವ್ರನ್ನ ನೋಡ್ಕಂಡು ಕೂತಿರ್ತೀಯ. ಇದಕ್ಕೆ ಡಿಗ್ರಿ ಬೇರೆ ಕೊಡ್ತಾರಾ?"

ಇದಕ್ಕಿಂತ ಚೆನ್ನಾದ ವ್ಯಾಖ್ಯಾನ ನನಗೆ ಈವರೆಗೆ ಯಾವ ಪಠ್ಯದಲ್ಲೂ ಸಿಕ್ಕಿಲ್ಲ. ಆದರೆ ಅದನ್ನು ಪರೀಕ್ಷೆಯಲ್ಲಿ ಬರೆಯುವ ಧೈರ್ಯವಿಲ್ಲ.

ನನಗೆ ಎಲ್ಲವನ್ನೂ ದಿನಾಂಕ ಹಾಕಿ ಬರೆದಿಡುವ ಚಟವಿದೆ. ರೈಲು ಎಷ್ಟು ತಡ, ಸಾರು ಏನು, ಕರೆಂಟು ಯಾವಾಗ ಹೋಯಿತು, ಎಲ್ಲಕ್ಕೂ ನನ್ನ ದಿನಚರಿಯಲ್ಲಿ ಒಂದೊಂದು ಅಂಕಣ. ಹೀಗಿರುವಾಗ ನಮ್ಮ ಮೇಡಂ "ನಿಮಗೆ ಪರಿಚಯವಿರುವ ಇಬ್ಬರ ಅನುಮತಿ ಕೇಳಿ, ಅವರ ವಾಟ್ಸಾಪ್ ಸ್ಟೇಟಸ್‌ಗಳನ್ನು ಗಮನಿಸಿ ಪ್ರಬಂಧ ಬರೆಯಿರಿ" ಎಂದಾಗ ಹಬ್ಬದೂಟಕ್ಕೆ ಕರೆದಷ್ಟು ಸಂತೋಷವಾಯಿತು. ಷರತ್ತು ಒಂದೇ. ಅಧ್ಯಯನ ಮಾಡುವವರು ನಡುವೆ ಕೈ ಹಾಕಬಾರದು. ನೋಡಬೇಕು, ಬರೆದುಕೊಳ್ಳಬೇಕು, ಸುಮ್ಮನಿರಬೇಕು. ಸಹಪಾಠಿಗಳು ಹಳೆಯ ಚಿನ್ನದ ಗಣಿಯ ಸೈನೈಡ್ ದಿಬ್ಬದ ಮೇಲೆ ಕೂದಲು ಹಾರಿಸಿಕೊಂಡು ರೀಲ್ಸ್ ಮಾಡುವವರನ್ನು ಆರಿಸಿಕೊಂಡರು. ನಾನು ಖರ್ಚಿಲ್ಲದ ದಾರಿ ಹಿಡಿದೆ: ಒಬ್ಬಳು ಅಮ್ಮ, ಇನ್ನೊಬ್ಬಳು ಅಮ್ಮನ ತಂಗಿ, ಆಂಡರ್ಸನ್‌ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ನನ್ನ ಚಿಕ್ಕಮ್ಮ. ಅನುಮತಿ ಕೇಳಿದರೆ ಇಬ್ಬರೂ ಬೇರೆ ಬೇರೆ ಊರಿನಲ್ಲಿ ಕೂತು ಒಂದೇ ಮಾತು ಹೇಳಿದರು: "ನೋಡ್ಲಿ ಅಂತಾನೇ ಅಲ್ವಾ ಆಕೋದು?"

ಈ ಇಬ್ಬರು ಅಕ್ಕತಂಗಿಯರು ಆಗ ಮಾತು ಬಿಟ್ಟಿದ್ದರು. ಕಾರಣ ಗೃಹಪ್ರವೇಶ. ಚಿಕ್ಕಮ್ಮ ಎರಡು ಕೋಣೆಯ ಮನೆ ಕಟ್ಟಿಸಿ, ಆಮಂತ್ರಣದ ಫೋಟೋವನ್ನು ಅಮ್ಮನಿಗೆ ವಾಟ್ಸಾಪಿನಲ್ಲಿ ಕಳಿಸಿದ್ದಳು, ಕೆಳಗೊಂದು ಕೈಮುಗಿದ ಚಿತ್ರ. ನಮ್ಮ ಕಡೆ ಬಾಗಿಲಿಗೆ ಬಂದು, ಅರಿಶಿನ ಕುಂಕುಮ ಕೊಟ್ಟು, "ಎಲ್ಲರೂ ಬರಬೇಕು" ಎಂದು ಬಾಯಲ್ಲಿ ಹೇಳದಿದ್ದರೆ ಅದು ಕರೆದ ಹಾಗಲ್ಲ, ಸುದ್ದಿ ತಿಳಿಸಿದ ಹಾಗೆ. ಅಮ್ಮ ಹೋಗಲಿಲ್ಲ. "ಫೋನಿಗೆ ಕರೆದವ್ಳೆ, ಫೋನು ಓಗ್ಲಿ" ಎಂದಳು. ಚಿಕ್ಕಮ್ಮನ ವಾದ ಕೇಳಿದರೆ ನಾವು ಅದಕ್ಕೂ ತಲೆಯಾಡಿಸಬೇಕು: "ಅಕ್ಕಂಗೇನು ಕರೆಯೋದು? ನೆಂಟರಾ ಅವ್ಳು? ಬಂದೋರಿಗೆ ಕುಂಕುಮ ಕೊಡೋಕೆ ಅಂತ ಅವಳ್ನೇ ಅಲ್ವಾ ನಾನು ಕಾಯ್ತಿದ್ದಿದ್ದು!" ಒಬ್ಬಳಿಗೆ ತನ್ನನ್ನು ನೆಂಟರಂತೆ ಕರೆಯಲಿಲ್ಲ ಎಂಬ ಸಿಟ್ಟು, ಇನ್ನೊಬ್ಬಳಿಗೆ ಅಕ್ಕ ನೆಂಟರಂತೆ ನಡೆದುಕೊಂಡಳೆಂಬ ಸಿಟ್ಟು. ಯಾರ ಕಡೆ ನಿಲ್ಲಬೇಕೆಂದು ನನಗೆ ಇವತ್ತಿಗೂ ಗೊಂದಲ.

ಮಾತು ನಿಂತ ಮೇಲೆ ಸ್ಟೇಟಸ್ ಶುರುವಾಯಿತು. ನಾನು ಮೂರು ಅಂಕಣ ಮಾಡಿಕೊಂಡೆ: ದೇವರು ಮತ್ತು ಹೂವು, ಅಡುಗೆ, ಚುಚ್ಚುಮಾತು. ಮೊದಲೆರಡು ಅಂಕಣಗಳು ಶುಕ್ರವಾರ ಮಾತ್ರ ಸ್ವಲ್ಪ ತುಂಬುತ್ತಿದ್ದವು. ಮೂರನೆಯದಕ್ಕೆ ಪುಟ ಸಾಲುತ್ತಿರಲಿಲ್ಲ. ಚಿಕ್ಕಮ್ಮ ಒಂದು ಸೂರ್ಯಾಸ್ತದ ಮೇಲೆ "ತೆರೆದ ಬಾಗಿಲಿಗೆ ಬಾರದವರು ಮುಚ್ಚಿದ ಬಾಗಿಲ ಬಗ್ಗೆ ಮಾತಾಡಬಾರದು" ಎಂದು ಹಾಕಿದರೆ, ಸಂಜೆ ಹಾಲು ಡೇರಿಗೆ ಹಾಕಿ ಬಂದ ಅಮ್ಮ, "ಮರ್ಯಾದೆ ಕೇಳಿ ಪಡೆಯುವುದಲ್ಲ" ಎಂಬ ಮಾತಿರುವ ಸಿಂಹವನ್ನು ಹಾಕುತ್ತಿದ್ದಳು. ಮರ್ಯಾದೆಯ ಮಾತಿಗೆಲ್ಲ ಸಿಂಹವೇ ಯಾಕೆ ಬರುತ್ತದೋ, ನಮ್ಮ ಮೇಡಂಗೂ ಗೊತ್ತಿಲ್ಲ. ಅಮ್ಮ ಹಸು ಸಾಕಿದವಳು. ಹಸುವಿನ ಚಿತ್ರದ ಮೇಲೆ ಅಂಥ ಮಾತು ಒಂದೂ ಬರಲಿಲ್ಲ.

ಪಾಠದಲ್ಲಿ ಒಂದು ಸಿದ್ಧಾಂತವಿದೆ. ಬದುಕು ರಂಗಮಂಟಪದ ಹಾಗೆ. ಎದುರಿಗೆ ಪ್ರೇಕ್ಷಕರು, ಹಿಂದೆ ಬಣ್ಣದ ಕೋಣೆ. ನಾವೆಲ್ಲ ಪ್ರೇಕ್ಷಕರಿಗೆ ತಕ್ಕ ವೇಷ ಹಾಕುತ್ತೇವೆ. ಕೇಳಲು ಸರಿಯಾಗಿಯೇ ಇದೆ. ಹಾಗೆ ನೋಡಿದರೆ ನಮ್ಮ ಕಡೆಯ ಮೊದಲ ಸ್ಟೇಟಸ್ ಎಂದರೆ ಬಾಗಿಲ ಮುಂದಿನ ರಂಗೋಲಿ. ಬೆಳಿಗ್ಗೆ ಹಾಕುತ್ತಾರೆ, ಮಾರನೆಯ ದಿನ ನೀರು ಚಿಮುಕಿಸಿ ಗುಡಿಸಿದಾಗ ಹೋಗುತ್ತದೆ. ಒಂದು ದಿನ ಕಾಣದಿದ್ದರೆ ಎದುರುಮನೆಯವರಿಗೆ ಸೂತಕವೋ, ಜ್ವರವೋ, ಗಂಡಹೆಂಡಿರ ಜಗಳವೋ ಎಂಬ ಚಿಂತೆ. ಆದರೆ ರಂಗೋಲಿಯ ಕೆಳಗೆ ಯಾರು ಯಾರು ನೋಡಿದರು ಎಂಬ ಪಟ್ಟಿ ಮೂಡುವುದಿಲ್ಲ. ತುಳಿದುಕೊಂಡು ಹೋದವರ ಹೆಜ್ಜೆ ಮಾತ್ರ ಕಾಣುತ್ತದೆ. ವಾಟ್ಸಾಪಿನಲ್ಲಿ ಆ ಪಟ್ಟಿ ಇದೆ. ನಮ್ಮ ಮನೆಯ ಕಥೆ ಕೆಟ್ಟದ್ದೂ ಅಲ್ಲಿಯೇ.

ಅಮ್ಮ ಸ್ಟೇಟಸ್ ಹಾಕಿದ ಮೇಲೆ ಅದನ್ನು ಮತ್ತೆ ನೋಡುತ್ತಿರಲಿಲ್ಲ. ಆ ಪಟ್ಟಿಯನ್ನು ನೋಡುತ್ತಿದ್ದಳು. ಒಲೆ ಮೇಲೆ ಹಾಲಿಟ್ಟು ನೋಡುವಳು, ಕೊಟ್ಟಿಗೆಯಿಂದ ಬಂದು ನೋಡುವಳು. ಚಿಕ್ಕಮ್ಮನ ಹೆಸರು ಕಂಡ ಕೂಡಲೇ "ನೋಡಿದ್ಲು" ಎಂದು ತನಗೆ ತಾನೇ ಹೇಳಿಕೊಂಡು ಫೋನನ್ನು ಕಿಟಕಿಯಲ್ಲಿಟ್ಟು ನೆಮ್ಮದಿಯಾಗಿ ಊಟಕ್ಕೆ ಕೂರುವಳು. ಬೈದದ್ದು ತಲುಪಿತೆಂಬ ನೆಮ್ಮದಿಯೋ, ತಂಗಿ ಚೆನ್ನಾಗಿದ್ದಾಳೆಂಬ ನೆಮ್ಮದಿಯೋ ತಿಳಿಯದೆ ನಾನು ಆ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ನನ್ನ ಪ್ರಬಂಧದಲ್ಲಿ ಅಂಥ ಚಿಹ್ನೆಗಳು ಬೇಕಾದಷ್ಟಿವೆ.

ಒಂದು ಬುಧವಾರ ಆ ಪಟ್ಟಿಯಲ್ಲಿ ಚಿಕ್ಕಮ್ಮನ ಹೆಸರು ಬರಲಿಲ್ಲ. ಗುರುವಾರವೂ ಇಲ್ಲ. ಶುಕ್ರವಾರ ಅಮ್ಮ ಜಗಳ ಮರೆತು ಬರೀ ಲಕ್ಷ್ಮೀದೇವಿಯನ್ನು ಹಾಕಿದಳು. ದೇವರಿಗಾದರೂ ಮರ್ಯಾದೆ ಕೊಡಲಿ ಎಂದು. ಡೇರಿ ಕಾರ್ಯದರ್ಶಿ ನೋಡಿದರು, ಸಂಘದ ಹೆಂಗಸರು ನೋಡಿದರು, ನನ್ನ ಹಳೇ ಮೇಷ್ಟ್ರೂ ನೋಡಿದರು. ಚಿಕ್ಕಮ್ಮ ನೋಡಲಿಲ್ಲ. "ನನ್ನ ನೋಡೋದೂ ಬಿಟ್ಟುಬುಟ್ಲು ಕಣೇ" ಎಂದಳು ಅಮ್ಮ. ದನಿಯಲ್ಲಿ ಸಿಂಹ ಇರಲಿಲ್ಲ. ಅವತ್ತಿನಿಂದ ಸ್ಟೇಟಸ್ ಹಾಕುವುದನ್ನೇ ನಿಲ್ಲಿಸಿದಳು. ಜಗಳವಿದ್ದಾಗ ಮನೆ ಇಷ್ಟು ಮೂಕವಾಗಿರಲಿಲ್ಲ. ಒಬ್ಬರನ್ನೊಬ್ಬರು ಚುಚ್ಚುತ್ತಿದ್ದದ್ದೇ ಇಬ್ಬರ ನಡುವೆ ಉಳಿದಿದ್ದ ದಾರವೆಂದು, ಅದು ಕಡಿದ ಮೇಲೆ ನನಗೆ ಗೊತ್ತಾಯಿತು.

ಅಧ್ಯಯನಕ್ಕೆ ಸಂದರ್ಶನವೂ ಬೇಕಿತ್ತು. ಅದೇ ನೆಪ ಮಾಡಿಕೊಂಡು ಆಂಡರ್ಸನ್‌ಪೇಟೆಗೆ ಹೋದೆ. ಚಿಕ್ಕಮ್ಮ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಒಬ್ಬ ಗಿರಾಕಿಗೆ ತಮಿಳಿನಲ್ಲಿ, "ನಾಳೈಕ್ಕಿ ವಾಂಗ" ಎಂದು ನಾಳೆಯ ಮಾತು ಹೇಳಿ ಸಾಗಹಾಕುತ್ತಿದ್ದಳು. ಗಿರಾಕಿ ಮರೆಯಾದದ್ದೇ ನನ್ನ ಕಡೆ ತಿರುಗಿ, "ಈ ಫೋನಿಂದ ಸಾಕಾಗೋಯ್ತು ಕಣಮ್ಮ. ಮೆಸೇಜ್ ನೋಡಿದ್ರೆ ನೀಲಿ ಟಿಕ್ ಬತ್ತದೆ. ಬಂದಿದ್ದೇ ತಡ, 'ನೋಡಿದ್ರಲ್ಲಕ್ಕಾ, ಬ್ಲೌಸ್ ಆಯ್ತಾ?' ಅಂತಾರೆ. ಅದಕ್ಕೇ ಪಕ್ಕದ ಮೊಬೈಲ್ ಅಂಗಡಿ ಉಡುಗಿ ಕೈಲಿ ಆ ನೀಲಿನೇ ತೆಗೆಸ್ಬುಟ್ಟೆ" ಎಂದಳು.

"ಯಾವಾಗ?" ಎಂದೆ.

"ಓದ ವಾರ, ಮಂಗಳವಾರದ ಸಂತೆ ದಿನ. ಅದಿರ್ಲಿ, ನಿಮ್ಮಮ್ಮ ಎಂಗವ್ಳೆ? ನಾನು ಏನಾಕಿದ್ರೂ ನೋಡ್ತಾನೇ ಇಲ್ಲ ಮಹಾರಾಣಿ. ಎಷ್ಟು ಕೊಬ್ಬು!"

ನಾನು ಅವಳ ಫೋನು ತೆಗೆದು ನೋಡಿದೆ. ನೀಲಿ ಟಿಕ್ ತೆಗೆದರೆ ಅದರ ಜೊತೆಗೆ ಇನ್ನೊಂದೂ ಹೋಗುತ್ತದೆ. ನೀವು ಯಾರ ಸ್ಟೇಟಸ್ ನೋಡಿದರೂ ಅವರಿಗೆ ನಿಮ್ಮ ಹೆಸರು ಕಾಣುವುದಿಲ್ಲ. ನಿಮ್ಮದನ್ನು ಯಾರು ನೋಡಿದರೆಂದು ನಿಮಗೂ ತಿಳಿಯುವುದಿಲ್ಲ. ಚಿಕ್ಕಮ್ಮನ ಪಟ್ಟಿಯಲ್ಲಿ ಅಮ್ಮನ ಹೆಸರು ಮಾತ್ರವಲ್ಲ, ಯಾರ ಹೆಸರೂ ಇರಲಿಲ್ಲ. ಗಿರಾಕಿಗಳು, ಚೀಟಿಯವರು, ರಾಬರ್ಟ್‌ಸನ್‌ಪೇಟೆಯ ಬಟ್ಟೆ ಅಂಗಡಿಯವರು, ಗಂಡನ ಕಡೆಯ ಸಮಸ್ತ ಬಂಧುಬಳಗ, ಒಬ್ಬರೂ ಇಲ್ಲ. ಇಡೀ ಊರೇ ಖಾಲಿಯಾಗಿತ್ತು. ಅವಳು ಗಮನಿಸಿದ್ದು ಒಂದು ಹೆಸರು ಕಾಣೆಯಾದದ್ದನ್ನು ಮಾತ್ರ.

ನನ್ನ ಸಿದ್ಧಾಂತ ಅಲ್ಲಿಯೇ ಮುಗ್ಗರಿಸಿತು. ಪ್ರೇಕ್ಷಕರು, ಪ್ರೇಕ್ಷಕರು ಎಂದು ಪುಟಗಟ್ಟಲೆ ಬರೆದಿದ್ದೆನಲ್ಲ, ಈ ನಾಟಕಕ್ಕೆ ಇದ್ದದ್ದು ಒಂದೇ ಕುರ್ಚಿ. ಉಳಿದವರೆಲ್ಲ ದಾರಿಹೋಕರು.

ಮೊದಲೇ ಹೇಳಿದೆ, ನಡುವೆ ಕೈ ಹಾಕಬಾರದು ಎಂಬುದು ಷರತ್ತು. ಬಸ್ಸಿನ ಕಿಟಕಿಗೆ ತಲೆಯಾನಿಸಿ ನಾನು ಬಂಗಾರಪೇಟೆಯವರೆಗೂ ಅದನ್ನೇ ಯೋಚಿಸಿದೆ. ಹೇಳಿದರೆ ಅಧ್ಯಯನ ಕೆಡುತ್ತದೆ, ಹೇಳದಿದ್ದರೆ ಅಮ್ಮ. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಹೇಳಿಬಿಟ್ಟೆ. ಆದರೆ ಅಮ್ಮ ನಂಬಲಿಲ್ಲ. ತಂಗಿಯ ಪರವಾಗಿ ನಾನು ಕಥೆ ಕಟ್ಟುತ್ತಿದ್ದೇನೆ ಎಂದುಕೊಂಡಳು.

"ಸೆಟ್ಟಿಂಗಂತೆ, ಸೆಟ್ಟಿಂಗು! ನೋಡಿದ್ರೂ ನೋಡಿಲ್ಲ ಅಂತ ತೋರ್ಸೋ ಫೋನು ಯಾವ್ದೈತೆ ಪ್ರಪಂಚದಲ್ಲಿ?"

"ಎಲ್ಲದರಲ್ಲೂ ಐತಮ್ಮ."

"ಅಂಗಾದ್ರೆ ಎಲ್ಲಾ ಕಳ್ಳ ಫೋನುಗಳೇ" ಎಂದು ಹಿತ್ತಲಿಗೆ ಹೋದಳು.

ಭಾನುವಾರ ಬೆಳಿಗ್ಗೆ ನೋಡಿದರೆ ಅಮ್ಮ ಸೀರೆಯುಟ್ಟು ಹೊರಟು ನಿಂತಿದ್ದಾಳೆ. ಚೀಲದಲ್ಲಿ ಒಂದು ಬ್ಲೌಸ್ ಪೀಸು. "ಟೈಲರ್ ಅತ್ರ ಓಗ್ಬರಾಣ ನಡಿ" ಎಂದಳು, ಟೈಲರ್ ಯಾರೋ ಮೂರನೆಯವರು ಎಂಬಂತೆ. ನಮ್ಮ ಊರಿನಲ್ಲಿ ಟೈಲರಿಗೆ ಹೊಸ ಬಟ್ಟೆ ಕೊಡುವಾಗ ಜೊತೆಗೆ ಒಂದು ಹಳೆಯ, ಸರಿಯಾಗಿ ಕೂರುವ ಅಳತೆ ಬ್ಲೌಸನ್ನೂ ಕೊಡುತ್ತಾರೆ. ಟೇಪು ಹಿಡಿಸಿಕೊಂಡು ನಿಲ್ಲುವುದು ಮದುವಣಗಿತ್ತಿಯರು ಮಾತ್ರ. ಅಮ್ಮ ಅಳತೆ ಬ್ಲೌಸನ್ನು ಮಡಿಸಿ ಮಂಚದ ಮೇಲೆ ಇಟ್ಟಿದ್ದಳು. "ಅಮ್ಮಾ, ಇದನ್ನ ಮರ್ತಿದೀಯ" ಎಂದು ಎತ್ತಿಕೊಳ್ಳಲು ಹೋದೆ. "ಸುಮ್ನೆ ಬಾರೇ" ಎಂದು ಬೀಗ ಹಾಕಿದಳು.

ಅಂಗಡಿಯಲ್ಲಿ ಚಿಕ್ಕಮ್ಮ ಮಿಷನ್ನಿನಿಂದ ತಲೆಯೆತ್ತಿದಳು. ಅಮ್ಮ ಬಟ್ಟೆಯನ್ನು ಮೇಜಿನ ಮೇಲಿಟ್ಟಳು. ಚಿಕ್ಕಮ್ಮ ಅದನ್ನು ತಿರುಗಿಸಿ, ಅಂಚು ನೋಡಿ, ಕೈ ಚಾಚಿದಳು: "ಅಳತೆದು?"

"ತಂದಿಲ್ಲ."

ಚಿಕ್ಕಮ್ಮ ಕೊರಳಿನ ಟೇಪು ತೆಗೆದಳು. "ಕೈ ಎತ್ತಕ್ಕ."

"ಎತ್ತಿದೀನಲ್ಲ, ಕಣ್ಣು ಕಾಣಲ್ವಾ?"

"ಸರಿಯಾಗೆತ್ತು. ಇದೇನು ಇಷ್ಟು ಇಳಿದೋಗಿದ್ದೀಯ? ಊಟ ಬಿಟ್ಟಿದ್ದೀಯ?"

"ನೀನು ಮಾತ್ರ ಒಸ ಮನೆ ಗಾಳಿಗೆ ಚೆನ್ನಾಗ್ ದಪ್ಪಗಾಗಿದ್ದೀಯ."

"ಬಂದು ನೋಡಿದ್ರಲ್ವಾ ಮನೆಗೆ ಗಾಳಿ ಬತ್ತದೋ ಇಲ್ವೋ ಗೊತ್ತಾಗೋದು!"

ಹೀಗೆ ಬೆನ್ನು, ತೋಳು, ಸೊಂಟ ಎಂದು ಒಂದೊಂದು ಅಳತೆಗೆ ಒಂದೊಂದು ಬೈಗುಳ. ಬೆನ್ನಿನ ಅಳತೆಯನ್ನು ಚಿಕ್ಕಮ್ಮ ಎರಡು ಸಲ ತೆಗೆದಳು. ನಾನು ನಡುವೆ ನುಗ್ಗಿ, ಆ ನೀಲಿ ಟಿಕ್ ಮತ್ತೆ ಹಾಕಿಕೊಡಲೇ, ಎಲ್ಲ ಮೊದಲಿನಂತಾಗುತ್ತದೆ ಎಂದು ಕೇಳಿದೆ.

"ಬ್ಯಾಡ ಬಿಡಮ್ಮ. ಗಿರಾಕಿಗಳ ಕಾಟ" ಎಂದಳು ಚಿಕ್ಕಮ್ಮ. ಆಮೇಲೆ ಅಮ್ಮನ ಮುಖ ನೋಡದೆ, "ನಾನು ನೋಡಿದ್ನೋ ಇಲ್ವೋ ಅಂತ ನಿಮ್ಮಮ್ಮಂಗೆ ಗೊತ್ತಾಗ್ಬೇಕಂದ್ರೆ ಬಸ್ ಅತ್ಲಿ. ಎಂಗಸರಿಗೆ ಟಿಕೆಟ್ಟೂ ಇಲ್ವಲ್ಲ. ಬರೋ ಭಾನುವಾರ ಟ್ರಯಲ್ ನೋಡೋಕೆ ಬರ್ಬೇಕು, ಹೇಳು" ಎಂದಳು.

ಬ್ಲೌಸಿಗೆ ಟ್ರಯಲ್ ನೋಡುವುದನ್ನು ಅಮ್ಮ ಜನ್ಮದಲ್ಲಿ ಕಂಡವಳಲ್ಲ. ಕೂಡಲೇ "ಬತ್ತೀನಿ" ಎಂದಳು.

ಈಗ ನನ್ನ ಕಷ್ಟ ಕೇಳಿ. ಪ್ರಬಂಧ ಒಪ್ಪಿಸುವ ದಿನ ಹತ್ತಿರ ಬಂದಿದೆ. ಜನ ಫೋನಿನಲ್ಲಿ ತಮ್ಮನ್ನು ಹೇಗೆ ತೋರಿಸಿಕೊಳ್ಳುತ್ತಾರೆ ಎಂಬುದಕ್ಕೆ ನನ್ನ ಬಳಿ ಪುಟಗಟ್ಟಲೆ ಸಾಕ್ಷಿಯಿದೆ. ಆದರೆ ಒಬ್ಬ ಹೆಂಗಸು ಅಳತೆ ಬ್ಲೌಸನ್ನು ಬೇಕೆಂದೇ ಮಂಚದ ಮೇಲೆ ಬಿಟ್ಟು, ತಂಗಿಯ ಮುಂದೆ ಎರಡೂ ಕೈ ಎತ್ತಿ ನಿಲ್ಲುತ್ತಾಳಲ್ಲ, ಅದು ರಂಗವೋ, ಬಣ್ಣದ ಕೋಣೆಯೋ? ಮೇಡಂ ಅವರನ್ನೇ ಕೇಳಿದೆ. ಅವರು ಕನ್ನಡಕ ತೆಗೆದು, ಆ ಟೈಲರ್ ಅಂಗಡಿ ಆಂಡರ್ಸನ್‌ಪೇಟೆಯಲ್ಲಿ ಎಲ್ಲಿ ಬರುತ್ತದೆ ಎಂದು ಕೇಳಿದರು. ಅವರಿಗೂ ಒಬ್ಬಳು ಅಕ್ಕ ಇದ್ದಾಳಂತೆ.