ಸೇನೆ ವಾಪಸಾತಿಗೆ ನಮ್ಮ ಪಾರ್ಕಿನ ಠರಾವು

ದೂರದ ಒಂದು ದೇಶದ ಸೇನೆ ಯುದ್ಧ ಬಿಟ್ಟು ವಾಪಸಾಗಬೇಕೋ ಬೇಡವೋ ಎಂದು ತೀರ್ಮಾನಿಸಲು ನಮ್ಮ ಆರ್‌ಪಿಸಿ ಲೇಔಟಿನ ಪಾರ್ಕಿಗೆ ಏಳು ವಾರ ಹಿಡಿಯಿತು. ಕೆಟ್ಟುಹೋದ ನಲ್ಲಿ ಬದಲಾಯಿಸಲು ಇದೇ ಪಾರ್ಕು ಎರಡು ವರ್ಷ ತೆಗೆದುಕೊಂಡಿತ್ತು. ಹಾಗೆ ನೋಡಿದರೆ ಯುದ್ಧದ ವಿಷಯ ಬೇಗನೇ ಮುಗಿಯಿತು ಅನ್ನಬೇಕು. ಆ ಏಳು ವಾರವೂ ಪತ್ರ ಬರೆದವಳು ನಾನು. ಬರೆದವಳು, ತಿದ್ದಿದವಳು, ಕೆಡಿಸಿದವಳು, ಎಲ್ಲ ನಾನೇ.

ಸರ್ಕಾರಿ ಕಚೇರಿಯಲ್ಲಿ ಮೂವತ್ತೊಂದು ವರ್ಷ ಕರಡು ಬರೆದು ನಿವೃತ್ತಳಾದವಳು ನಾನು. ಯಾರದೋ ಮದುವೆ ಕಾಗದದಲ್ಲಿ ಅಲ್ಪವಿರಾಮ ತಪ್ಪಿದ್ದರೂ ನನಗೆ ಊಟ ಸೇರುವುದಿಲ್ಲ. ಈ ಚಟ ಗೊತ್ತಿದ್ದೇ ಬೆಳಗಿನ ವಾಕಿಂಗ್ ಸಂಘದವರು ನನ್ನನ್ನು ಕಾರ್ಯದರ್ಶಿ ಮಾಡಿದರು. ನನಗೂ ಒಳಗೊಳಗೇ ಆಸೆಯಿತ್ತು. ಫೈಲಿಲ್ಲದ ಜೀವನ ಎರಡೇ ತಿಂಗಳಿಗೆ ಬೇಜಾರು ಬಂದಿತ್ತು.

ಪಾರ್ಕಿನ ಗೇಟಿನ ಹೊರಗೆ ತಳ್ಳುಗಾಡಿ ಇಟ್ಟುಕೊಂಡು ಜೋಳದ ರೊಟ್ಟಿ, ಶೇಂಗಾ ಚಟ್ನಿ ಮಾರುವ ಹೆಂಗಸೊಬ್ಬಳಿದ್ದಳು. ಉತ್ತರ ಕರ್ನಾಟಕದ ಕಡೆಯವಳು, ಬೆಂಗಳೂರಿಗೆ ಬಂದು ನಾಲ್ಕು ವರ್ಷವಾಗಿತ್ತು. ಒಂದು ಸೋಮವಾರ ಬೆಳಿಗ್ಗೆ ರೊಟ್ಟಿ ಕಟ್ಟಿ ಕೊಡುತ್ತಾ ತನ್ನ ತಮ್ಮನ ವಿಷಯ ಹೇಳಿದಳು. ಯಾರೋ ಏಜೆಂಟ್ ಅವನಿಗೆ ಹೊರದೇಶದಲ್ಲಿ ಅಡುಗೆಮನೆ ಕೆಲಸ ಅಂತ ಹೇಳಿ ಕಳಿಸಿದ್ದನಂತೆ. ಅಲ್ಲಿ ಇಳಿದ ಮೇಲೆ ಅರ್ಥವಾಗದ ಭಾಷೆಯ ಕಾಗದಕ್ಕೆ ಸಹಿ ಹಾಕಿಸಿಕೊಂಡು, ಸೌಟಿನ ಬದಲು ಸಲಿಕೆ ಕೊಟ್ಟು, ಸೈನಿಕರ ಬಟ್ಟೆ ತೊಡಿಸಿ ಕಂದಕ ತೋಡಲು ಕಳಿಸಿದ್ದಾರೆ. ಭಾನುವಾರ ಬೆಳಿಗ್ಗೆ ಐದು ನಿಮಿಷ ಫೋನು ಮಾಡುತ್ತಾನೆ. ಆ ಯುದ್ಧ ಆ ದೇಶದವರಿಗೇ ಬೇಡವಾಗಿತ್ತು. ಸೇನೆಯನ್ನು ವಾಪಸು ಕರೆಸಿ ಎಂದು ಅಲ್ಲಿನ ಜನ ಬೀದಿಗಿಳಿದ ಚಿತ್ರಗಳು ನಮ್ಮ ಪೇಪರಿನಲ್ಲೂ ಬರುತ್ತಿದ್ದವು.

"ಅಮ್ಮಾರ, ನೀವು ಬರಿಯಾಕ ಬಲ್ಲವರು. ದಿಲ್ಲಿಗೆ ಒಂದು ಅರ್ಜಿ ಬರದು ಕೊಡ್ರಿ. ದೊಡ್ಡ ಮಂದಿ ಸಹಿ ಇದ್ರ ಜಲ್ದಿ ಆಕ್ಕೈತಂತ," ಅಂದಳು.

ಅವಳು ಕೇಳಿದ್ದು ಇಷ್ಟೇ. ಮನೆಗೆ ಹೋಗಿ ಕಾಫಿ ಆರುವುದರೊಳಗೆ ನಾಲ್ಕು ಸಾಲು ಬರೆದು ಕೊಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಕಾರ್ಯದರ್ಶಿ ಅನ್ನಿಸಿಕೊಂಡ ಮೇಲೆ ಸಂಘದ ಮುಂದೆ ಇಡದೆ ಹೇಗೆ? ಮಾರನೇ ದಿನ ಆರೂವರೆಗೆ ಬೇವಿನ ಮರದ ಕೆಳಗೆ ಸಭೆ ಕರೆದೆ.

ನಮ್ಮ ಅಧ್ಯಕ್ಷರು ಈ ಲೇಔಟಿಗೂ ಮೊದಲಿದ್ದ ಹೊಸಹಳ್ಳಿಯ ಹಳೇ ಒಕ್ಕಲು ಮನೆತನದವರು. ಈಗ ಪಾರ್ಕಿರುವ ಜಾಗ ಅವರ ತಾತನ ರಾಗಿ ಹೊಲವಾಗಿತ್ತು, ಹಾಗಾಗಿ ಸಂಘಕ್ಕೆ ಅವರೇ ಖಾಯಂ ಅಧ್ಯಕ್ಷರು. ನನ್ನ ಕರಡು ಕೇಳಿ, ಒಬ್ಬನ ವಿಷಯಕ್ಕೆ ಇಡೀ ಸಂಘ ಸಹಿ ಹಾಕಿದರೆ ಘನತೆ ಏನು ಉಳಿಯುತ್ತೆ ಅಂದರು. ಅವರ ಎದುರು ಕೂತಿದ್ದವರು ರಾಜಾಜಿನಗರದ ಕಾಲೇಜೊಂದರಲ್ಲಿ ಗಣಿತ ಹೇಳಿ ನಿವೃತ್ತರಾದ ಮೇಷ್ಟ್ರು. ದಿನಕ್ಕೆ ನಾಲ್ಕು ಪೇಪರ್ ಓದುವವರು. ಒಬ್ಬನನ್ನು ಯಾಕೆ ಕೇಳಬೇಕು, ಮೂಲಕ್ಕೇ ಕೈ ಹಾಕೋಣ, ಇಡೀ ಸೇನೆ ವಾಪಸಾಗಲಿ ಅಂತ ಬರೆಯಿರಿ, ಸೇನೆ ಬಂದರೆ ಹುಡುಗನೂ ಬಂದ ಹಾಗೇ ಅಂದರು. ಸಭೆಗೆ ಇದು ಬಹಳ ಸೊಗಸಾದ ತರ್ಕವಾಗಿ ಕಂಡಿತು. ನನಗೂ ಕಂಡಿತು, ಸುಳ್ಳು ಯಾಕೆ ಹೇಳಲಿ.

ಅಧ್ಯಕ್ಷರಿಗೆ ಮಾತ್ರ ಮೈ ಉರಿಯಿತು. "ಇಟ್ಟ ಹೆಜ್ಜೆ ಹಿಂದಕ್ಕೆ ತೆಗೀಬಾರ್ದು ಮೇಷ್ಟ್ರೇ. ನಮ್ಮಪ್ಪ ಗೇಣು ಜಾಗ ಬಿಟ್ಟುಕೊಟ್ಟಿದ್ರೂ ಇವತ್ತು ನಾವು ಹೊಸಹಳ್ಳೀಲಿ ನಿಲ್ಲಕ್ಕಾಗ್ತಿರ್ಲಿಲ್ಲ." ನಾವೆಲ್ಲ ಕೂತಿದ್ದದ್ದೇ ಅವರಪ್ಪ ಬಿಟ್ಟುಕೊಟ್ಟ ಹೊಲದಲ್ಲಿ ಎಂದು ಯಾರೂ ನೆನಪಿಸಲಿಲ್ಲ. ತಪ್ಪು ಲೆಕ್ಕ ಅಂತ ಗೊತ್ತಾದ ಮೇಲೆ ಬೋರ್ಡು ಒರೆಸಬೇಕೇ ಹೊರತು ಅದನ್ನೇ ಮುಂದುವರಿಸಬಾರದು ಎಂದು ಮೇಷ್ಟ್ರು ಉತ್ತರ ಕೊಟ್ಟರು. ಅಲ್ಲಿಗೆ ಎತ್ತು ಏರಿಗೆ, ಕೋಣ ನೀರಿಗೆ.

ನಮ್ಮ ಪಾರ್ಕಿನ ಬಾಗಿಲಲ್ಲಿ 'ಪ್ರದಕ್ಷಿಣಾಕಾರವಾಗಿ ನಡೆಯಿರಿ' ಎಂಬ ಬೋರ್ಡಿದೆ. ಎಲ್ಲರೂ ಒಂದೇ ದಿಕ್ಕಿಗೆ ಸುತ್ತುವುದು ಇಲ್ಲಿಯ ನಿಯಮ, ಯಾಕೆಂದರೆ ದಾರಿ ಇರುವುದು ಮೂರೇ ಅಡಿ ಅಗಲ. ಬುಧವಾರದಿಂದ ವಾಪಸಾತಿ ಪಕ್ಷದವರು ಆ ನಿಯಮ ಮುರಿದರು. ಸೇನೆ ಹಿಂದಕ್ಕೆ ಬರಬೇಕು ಅನ್ನುವವರು ಮುಂದಕ್ಕೆ ನಡೆದರೆ ಅರ್ಥವೇನು ಎಂದು ಮೊದಲು ಹಿಂದು ಹಿಂದಕ್ಕೆ ನಡೆಯಲು ನೋಡಿದರು. ಒಬ್ಬರು ದಾಸವಾಳದ ಗಿಡದ ಮೇಲೆ ಕೂತುಬಿಟ್ಟ ಮೇಲೆ ಅದನ್ನು ಕೈಬಿಟ್ಟು, ಎಲ್ಲರಿಗೂ ಎದುರಾಗಿ ಅಪ್ರದಕ್ಷಿಣೆ ಹೊರಟರು. ಅಪ್ರದಕ್ಷಿಣೆ ಹಾಕೋದು ಸ್ಮಶಾನದಲ್ಲಿ, ಪಾರ್ಕಲ್ಲಲ್ಲ ಎಂದು ಅಧ್ಯಕ್ಷರ ಪಕ್ಷದವರು ಕೂಗಿದರು. ಕೂಗುತ್ತಾ ತಾವು ಮೊದಲಿನಂತೆ ಪ್ರದಕ್ಷಿಣೆಯಾಗೇ ನಡೆದರು.

ಮೂರಡಿ ದಾರಿಯಲ್ಲಿ ಪ್ರತಿ ಸುತ್ತಿಗೆ ಎರಡು ಸಲ ಮುಖಾಮುಖಿ. ಪಕ್ಕಕ್ಕೆ ಸರಿದವರು ಸೋತ ಹಾಗೆ. ಒಂದು ದಿನ ಅಧ್ಯಕ್ಷರೂ ಮೇಷ್ಟ್ರೂ ಸಿಮೆಂಟಿನ ಆನೆಯ ಹತ್ತಿರ ಹೊಟ್ಟೆಗೆ ಹೊಟ್ಟೆ ಕೊಟ್ಟು ಒಂಬತ್ತು ನಿಮಿಷ ನಿಂತರು. ನಾನೇ ಗಡಿಯಾರ ನೋಡಿದ್ದೇನೆ. ಇಬ್ಬರಿಗೂ ಸಕ್ಕರೆ ಕಾಯಿಲೆ. ಕೊನೆಗೆ ಅಧ್ಯಕ್ಷರ ಹೆಂಡತಿ ಬಂದು, ಇಡ್ಲಿ ತಣ್ಣಗಾಗ್ತಿದೆ ಅಂದಾಗ ಏಕಕಾಲಕ್ಕೆ ಪಕ್ಕಕ್ಕೆ ಸರಿಯುವ ಒಪ್ಪಂದವಾಯಿತು. ವ್ಯಾಯಾಮಕ್ಕೆಂದು ಒಟ್ಟಿಗೆ ನಗುವ ನಮ್ಮ ನಗೆಕೂಟವೂ ಒಡೆದು ಎರಡಾಯಿತು. ಒಂದು ಗುಂಪು ನಕ್ಕರೆ ಇನ್ನೊಂದು ಗುಂಪು ಅದಕ್ಕಿಂತ ಜೋರಾಗಿ, ಸಿಟ್ಟಿನಿಂದ ನಗುತ್ತಿತ್ತು. ಮಂಡಿನೋವಿನವರು ಬೆಂಚಿನ ಮೇಲೆ ಕೂತು ತಾವು ತಟಸ್ಥ ರಾಷ್ಟ್ರ ಅಂದುಕೊಂಡರು. ಬಸವೇಶ್ವರನಗರದಿಂದ ಮಗಳ ಮನೆಗೆ ಬಂದಿದ್ದ ಪಾಪದ ಮನುಷ್ಯರೊಬ್ಬರು ಗೊತ್ತಿಲ್ಲದೆ ಅಪ್ರದಕ್ಷಿಣೆ ಹೊರಟು, ಎರಡು ಸುತ್ತು ಮುಗಿಯುವಷ್ಟರಲ್ಲಿ ಶಾಂತಿವಾದಿ ಅನ್ನಿಸಿಕೊಂಡು, ಮೇಷ್ಟ್ರ ಕೈಯಿಂದ ಒಂದು ಬಾಳೆಹಣ್ಣು ಪಡೆದರು.

ಇಷ್ಟರ ನಡುವೆ ಪತ್ರ ನನ್ನ ಕೈಯಲ್ಲಿ ದಿನಕ್ಕೊಂದು ರೂಪ ತಾಳುತ್ತಿತ್ತು. 'ವಾಪಸಾಗಬೇಕು' ಎಂಬಲ್ಲಿ 'ಹಂತ ಹಂತವಾಗಿ' ಸೇರಿಸಲು ನಾಲ್ಕು ದಿನ. ಅಧ್ಯಕ್ಷರಿಗಾಗಿ 'ಗೌರವಕ್ಕೆ ಧಕ್ಕೆಯಾಗದಂತೆ', ಮೇಷ್ಟ್ರಿಗಾಗಿ 'ಆದರೂ ವಿಳಂಬವಿಲ್ಲದೆ', ಮತ್ತೆ ಅಧ್ಯಕ್ಷರಿಗಾಗಿ 'ಸೂಕ್ತ ಕಾಲದಲ್ಲಿ'. ನಾನೇನು ಕಷ್ಟಪಟ್ಟೆ ಅಂದುಕೊಳ್ಳಬೇಡಿ. ವರ್ಷಗಳ ಮೇಲೆ ಮೈಗೆ ಎಣ್ಣೆ ಹಚ್ಚಿದ ಹಾಗಿತ್ತು. ಬೆಳಿಗ್ಗೆ ಗೇಟು ದಾಟುವಾಗ ರೊಟ್ಟಿಯವಳು ದಿನಾ ಕೇಳುತ್ತಿದ್ದಳು, ಅರ್ಜಿ ಎಲ್ಲಿಗೆ ಬಂತು ಅಂತ. ಆಗ್ತಾ ಇದೆ ಕಣಮ್ಮ, ಎಲ್ಲರೂ ನಿನ್ನ ವಿಷಯವೇ ಮಾತಾಡ್ತಿದಾರೆ ಅನ್ನುತ್ತಿದ್ದೆ. ಅವಳ ಮುಖ ಅರಳುತ್ತಿತ್ತು. ಒಂದು ಭಾನುವಾರ ತಮ್ಮ ಫೋನು ಮಾಡಲಿಲ್ಲವೆಂದು ಅವಳು ಗಾಡಿಯನ್ನೇ ತರಲಿಲ್ಲ. ಅವತ್ತು ನಾವು 'ಸೂಕ್ತ' ಮತ್ತು 'ಸಕಾಲ'ದ ನಡುವೆ ಸಿಕ್ಕಿಕೊಂಡಿದ್ದೆವು.

ಆರನೆಯ ವಾರ ಅಧ್ಯಕ್ಷರೂ ಮೇಷ್ಟ್ರೂ ಮೊದಲ ಸಲ ಒಂದು ವಿಷಯಕ್ಕೆ ಒಪ್ಪಿದರು. ಪತ್ರದ ಮೂರನೇ ಪ್ಯಾರಾ ಇಬ್ಬರಿಗೂ ಇಷ್ಟವಿರಲಿಲ್ಲ. ಅದರಲ್ಲಿ ಅವಳ ತಮ್ಮನ ಹೆಸರು, ಪಾಸ್‌ಪೋರ್ಟ್ ನಂಬರು, ಹೋದ ದಿನ ಎಲ್ಲ ಇದ್ದವು. ಒಬ್ಬನ ಉದಾಹರಣೆ ಕೊಟ್ಟರೆ ತತ್ವ ಸಣ್ಣದಾಗುತ್ತೆ ಎಂದು ಮೇಷ್ಟ್ರು. ಅಳುಮುಂಜಿ ಕತೆ ಹೇಳಿ ವಾಪಸಾತಿ ಪಕ್ಷದವರು ಓಟು ಗಿಟ್ಟಿಸ್ತಾರೆ ಎಂದು ಅಧ್ಯಕ್ಷರು. ತೆಗೆದುಬಿಡಿ ಅಂದರು, ಇಬ್ಬರೂ ಒಟ್ಟಿಗೆ. ಏಳು ವಾರದಲ್ಲಿ ಕಂಡ ಒಂದೇ ಒಂದು ಒಮ್ಮತ ಅದು. ನಾನು ಸ್ಕೇಲು ಇಟ್ಟು ಗೆರೆ ಎಳೆದು ಆ ಪ್ಯಾರಾ ಹೊಡೆದುಹಾಕಿದೆ. ಪತ್ರ ಒಂದೇ ಪುಟಕ್ಕೆ ಕೂತಿತಲ್ಲ ಎಂದು ಸಂತೋಷವೇ ಆಯಿತು. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದೆವು ಅನ್ನುವ ಅರಿವು ಸಂಘದ ನಲವತ್ತಮೂರು ಜನರಲ್ಲಿ ಒಬ್ಬರಿಗೂ ಬರಲಿಲ್ಲ.

ನಲವತ್ತಮೂರೂ ಜನ ಸಹಿ ಹಾಕಿದೆವು. ಅಧ್ಯಕ್ಷರು ಮೊಹರು ಒತ್ತಿದರು, ಪತ್ರ ದಿಲ್ಲಿಗೆ ಹೋಯಿತು. ಸಹಿಯಾದ ಸುದ್ದಿ ಕೇಳಿ ಅವಳು ಮಾರನೇ ದಿನ ಶೇಂಗಾ ಹೋಳಿಗೆ ಮಾಡಿ ತಂದು ಎಲ್ಲರಿಗೂ ಹಂಚಿದಳು. ಸಹಿ ಹಾಕಿದ ಕೈಗೇ ಕೊಡಬೇಕು ಎಂದು ಒಬ್ಬೊಬ್ಬರನ್ನೂ ಕೇಳಿ ಕೇಳಿ ಕೊಟ್ಟಳು. ಅಧ್ಯಕ್ಷರೂ ಮೇಷ್ಟ್ರೂ ಸಕ್ಕರೆ ಕಾಯಿಲೆ ಮರೆತು ಎರಡೆರಡು ತಿಂದರು. ನಾನೂ ತಿಂದೆ, ಚೆನ್ನಾಗಿತ್ತು.

ಮೂರು ವಾರದ ಮೇಲೆ ದಿಲ್ಲಿಯಿಂದ ನನ್ನ ಮನೆಗೆ ಉತ್ತರ ಬಂತು. ಸೇನೆಯ ವಾಪಸಾತಿಯ ಕುರಿತು ನಿಮ್ಮ ಸಂಘದ ಅಭಿಪ್ರಾಯವನ್ನು ಗಮನಿಸಲಾಗಿದೆ, ನಿರ್ದಿಷ್ಟ ವ್ಯಕ್ತಿಯ ಬಗ್ಗೆ ಮನವಿ ಇದ್ದಲ್ಲಿ ಹೆಸರು ಮತ್ತು ಪಾಸ್‌ಪೋರ್ಟ್ ಸಂಖ್ಯೆಯೊಂದಿಗೆ ಸಲ್ಲಿಸುವುದು. ಎಷ್ಟು ಅಚ್ಚುಕಟ್ಟಾದ ಕರಡು. ನಾನಾಗಿದ್ದರೂ ಹೀಗೆಯೇ ಬರೆಯುತ್ತಿದ್ದೆ. ನಾಚಿಕೆಯಿಂದ ಎರಡು ದಿನ ಪಾರ್ಕಿನ ಕಡೆ ತಲೆ ಹಾಕಲಿಲ್ಲ. ಮೂರನೇ ದಿನ ಪತ್ರ ಹಿಡಿದು ಗಾಡಿಯ ಹತ್ತಿರ ಹೋಗಿ ಅವಳಿಗೆ ಪೂರ್ತಿ ಓದಿ ಹೇಳಿದೆ.

"ನಮ್ಮ ತಮ್ಮನ ಹೆಸರು ಬರದಿದ್ರಲ್ರಿ?"

"ಬರೆದಿದ್ದೆ. ಆಮೇಲೆ ನಾನೇ ಹೊಡೆದುಹಾಕ್ದೆ," ಅಂದೆ.

ಅವಳು ಬೈದಿದ್ದರೆ ಚೆನ್ನಾಗಿತ್ತು. ಒಲೆ ಆರಿಸಿ, ಕೈ ಒರೆಸಿಕೊಂಡು, ಚೀಲದಿಂದ ಪಾಸ್‌ಪೋರ್ಟಿನ ಜೆರಾಕ್ಸ್ ತೆಗೆದಳು. ಅವಳ ಸ್ಟೂಲಿನ ಮೇಲೆ ಕೂತು ನಾಲ್ಕು ಸಾಲು ಬರೆದೆ. ಈ ಸಲ ಅವಳು ನಂಬಲಿಲ್ಲ. ಕಾಗದ ಇಸಿದುಕೊಂಡು, ಒಂದೊಂದು ಪದದ ಕೆಳಗೂ ಬೆರಳಿಟ್ಟು ತಾನೇ ಓದಿದಳು. ತಮ್ಮನ ಹೆಸರಿನ ಮೇಲೆ ಬೆರಳು ಸ್ವಲ್ಪ ಹೊತ್ತು ನಿಂತಿತು.

"ಇಷ್ಟಕ್ಕ ಇಷ್ಟು ದಿನ ಬೇಕಾತೇನ್ರಿ ಅಮ್ಮಾರ?"

ಸಹಿ ಮಾಡಲು ಪೆನ್ನು ಅವಳ ಕೈಗೆ ಕೊಟ್ಟೆ. ಅಷ್ಟರಲ್ಲಿ ಅಧ್ಯಕ್ಷರು ಬಂದು, ಏನದು, ಕೊಡಿ, ನಾನೂ ಒಂದು ಸಹಿ ಹಾಕ್ತೀನಿ, ಮೊಹರು ಮನೆಯಲ್ಲೇ ಇದೆ ಅಂದರು. ಅವಳು ಕಾಗದ ಮಡಿಸಿ ಕುಪ್ಪಸದಲ್ಲಿ ಇಟ್ಟುಕೊಂಡು, ಬ್ಯಾಡ್ರಿ ಅಜ್ಜಾರ, ನೀವು ಹಾಕಿದ್ರ ಮೇಷ್ಟ್ರೂ ಬರ್ತಾರ ಅಂದಳು. ತಾನೊಬ್ಬಳೇ ಸಹಿ ಮಾಡಿ ಅವತ್ತೇ ಪೋಸ್ಟ್ ಮಾಡಿದಳು. ಎಂಟೇ ದಿನಕ್ಕೆ ದಿಲ್ಲಿಯಿಂದ ಅವಳ ಫೋನಿಗೆ ಕರೆ ಬಂತು. ಅವನ ಹೆಸರಿನಲ್ಲಿ ಫೈಲು ತೆರೆದಿದ್ದಾರೆ, ಆದರೆ ಅವನಿದ್ದ ತುಕಡಿಯನ್ನು ಎರಡು ವಾರದ ಹಿಂದೆ ಗಡಿಯಲ್ಲಿ ಇನ್ನೂ ಮುಂದಕ್ಕೆ ಕಳಿಸಿದ್ದಾರಂತೆ, ಪತ್ತೆಗೆ ತಡವಾಗುತ್ತದೆ. ಎರಡು ವಾರದ ಹಿಂದೆ ಅಂದರೆ ಯಾವಾಗ ಎಂದು ನಾನು ಕ್ಯಾಲೆಂಡರ್ ನೋಡಿದೆ. ಹೋಳಿಗೆ ತಿಂದು ಉತ್ತರಕ್ಕೆ ಕಾಯುತ್ತಾ ಕೂತಿದ್ದ ದಿನಗಳು ಅವು.

ಹೋದ ಭಾನುವಾರ ನಾನು ಗಾಡಿಯ ಹತ್ತಿರ ಇದ್ದಾಗಲೇ ಅವನ ಫೋನು ಬಂತು, ಬಹಳ ದಿನದ ಮೇಲೆ. ಅವಳು ಅತ್ತು, ಮಾತಾಡಿ, ನಿಮ್ಮ ಕೂಡ ಮಾತಾಡ್ತಾನಂತ ಎಂದು ಫೋನು ನನ್ನ ಕೈಗೆ ಕೊಟ್ಟಳು. ಕ್ಷಮೆ ಕೇಳಬೇಕು ಎಂದು ಬಾಯಿ ತೆರೆದೆ. ಅವನಿಗೆ ಸಮಯವಿರಲಿಲ್ಲ, ಗಡಬಡಿಸಿ ಹೇಳಿದ:

"ಅಮ್ಮಾರ, ಇಲ್ಲಿ ನಮ್ಮ ಕಡೆ ಹುಡುಗ್ರು ಆರು ಮಂದಿ ಅದೀವ್ರಿ. ನಮ್ಮನ್ನ ಯಾರಾರ ನೆನಸ್ತಾರೇನು ಅಂತ ದಿನಾ ಕೇಳ್ತಾರ. ಬೆಂಗಳೂರಾಗ ಒಂದು ಪಾರ್ಕ್ ಐತಿ, ಅಲ್ಲಿ ದೊಡ್ಡ ಮಂದಿ ದಿನಾ ಮುಂಜಾನೆ ನಮ್ಮ ಬಗ್ಗೆನ ಮಾತಾಡ್ತಾರ ಅಂತ ಹೇಳೀನಿ. ಖರೇನ ಹೌದಲ್ರಿ?"

"ಹೌದಪ್ಪ, ದಿನಾ ಮಾತಾಡ್ತೀವಿ," ಅಂದೆ.